ಹೊಸ್ತಿಲು ಮೂರು ಬರುವ ಮುನ್ನ

ಆ ವರ್ಷ ಬಿಸಿಲು ಏರತೊಡಗಿದ ಹೊತ್ತಿಗೆ ಹುಬ್ಬಳ್ಳಿಯ ಎಷ್ಟೋ ಮನೆಗಳು ಒಂದು ಪೆಟ್ಟಿಗೆಗಾಗಿ ಕಾಯುತ್ತಿದ್ದವು. ಅದರ ಹೆಸರು ಹೊಸ್ತಿಲು. ತೆಂಗಿನಕಾಯಿಯಷ್ಟು ದಪ್ಪದ ಬಿಳಿ ಯಂತ್ರ. ಗೋಡೆಗೆ ಕೂರಿಸಿದರೆ ಸಾಕು, ಮನೆಯ ದೀಪ, ಫ್ಯಾನು, ಗೀಸರು, ನೀರಿನ ಮೋಟರು, ಬಾಗಿಲ ಬೀಗ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಿತ್ತು.

ಹೊಸ್ತಿಲು ಎರಡು ಆಗಲೇ ಊರ ತುಂಬ ಇತ್ತು. ಅದಕ್ಕೆ ಕಿವಿ ಇತ್ತು, ಬಾಯಿ ಇರಲಿಲ್ಲ. ಕುಕ್ಕರ್ ಕೂಗಿದ್ದು, ನಲ್ಲಿ ಬಿಟ್ಟಿದ್ದು, ಕರೆಗಂಟೆ ಬಾರಿಸಿದ್ದು, ಕೂಸು ಅತ್ತಿದ್ದು ಎಲ್ಲ ಅದಕ್ಕೆ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಕೋಣೆಕೋಣೆಯ ದೀಪದ ಬಣ್ಣ ಬದಲಿಸಿ ತಿಳಿಸುತ್ತಿತ್ತು. ಈಗ ಬರಲಿರುವ ಮೂರನೆಯದು ಮಾತಾಡುತ್ತದೆ, ಅದೂ ಮನೆಯ ಮಂದಿಯ ಹಾಗೆ, ಈ ಕಡೆಯ ಕನ್ನಡದಲ್ಲೇ ಎಂದು ಕಂಪನಿ ಸಾರಿತ್ತು.

ಕಾಯುವವರದೊಂದು ಗುಂಪು ಫೋನಿನಲ್ಲಿ ಹುಟ್ಟಿಕೊಂಡಿತ್ತು. ಅಡಿಗೆ ಮಾಡುತ್ತ ಕೈ ತೊಳೆಯದೆಯೇ ಮಗಳಿಗೆ ಫೋನ್ ಹಚ್ಚಬಹುದೇ ಎಂದು ಒಬ್ಬಾಕೆ ಕೇಳಿದರೆ, ನಿವೃತ್ತ ಹೆಡ್‌ಮಾಸ್ತರರೊಬ್ಬರು ಅದರ ಜತೆ ಬಾಯಲ್ಲೇ ಚೆಸ್ ಆಡಬಹುದೇ ಎಂದು ದಿನಾ ವಿಚಾರಿಸುತ್ತಿದ್ದರು. ಕೇಶ್ವಾಪುರದ ಮೂರನೇ ಮಹಡಿಯ ಮನೆಯೊಂದರಿಂದ ನೀಲಾಂಬಿಕಾ ಎಂಬಾಕೆ ಒಂದೇ ಒಂದು ಸಾಲು ಬರೆದಿದ್ದಳು: ‘ಅದು ಚಿಕ್ಕ ಮಕ್ಕಳ ಜತೆ ಮಾತಾಡುತ್ತದೆಯೇ?’

ನೀಲಾಂಬಿಕಾಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅವಳ ಗಂಡ ಗುರುಸಿದ್ಧನಿಗೂ ಕೇಳುವುದಿಲ್ಲ. ಅವನು ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ಮೇಲೆ ಅಕ್ಷರ ಬರೆಯುವ ಪೇಂಟರ್. ಅವಳು ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವವಳು. ಕಿಟಕಿಯ ಬಳಿಯ ಮೇಜಿನ ಮೇಲೆ ಮೇಣದ ದವಡೆಗಳು ಸಾಲಾಗಿ ಬಾಯಿ ತೆರೆದು ಕೂತಿರುತ್ತಿದ್ದವು. ಗಂಡ ಹೆಂಡತಿ ಮಾತೆಲ್ಲ ಕೈಯಲ್ಲಿ. ಜಗಳವೂ ಕೈಯಲ್ಲೇ, ಆಗ ಕೈಗಳು ಬೀಸುವ ರಭಸಕ್ಕೆ ಮೇಜಿನ ಮೇಲಿನ ಮೇಣದ ಹಲ್ಲು ಹಾರಿ ಬಿದ್ದದ್ದೂ ಉಂಟು.

ಅವರ ಮಗಳು ಮುಕ್ತಾ. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಹದಿನಾರು ತಿಂಗಳಾದರೂ ಅವಳ ಬಾಯಲ್ಲಿ ಒಂದು ಮಾತು ಬಂದಿರಲಿಲ್ಲ. ಕೈಯಲ್ಲಿ ಮಾತ್ರ ‘ಇನ್ನೂ ಬೇಕು’, ‘ಸಾಕು’, ‘ಅಪ್ಪ’ ಎನ್ನುತ್ತಿದ್ದಳು.

ರವಿವಾರಕ್ಕೊಮ್ಮೆ ಗದಗಿನಿಂದ ಬರುತ್ತಿದ್ದ ನೀಲಾಳ ತಾಯಿ ಪಾರ್ವತೆವ್ವನಿಗೆ ಇದೇ ಚಿಂತೆ. ಮಗಳು ತುಟಿ ನೋಡಿ ತಿಳಿದುಕೊಳ್ಳಲೆಂದು ಅವಳು ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು.

“ಅವ್ವ ಅನ್ನಂಗಿಲ್ಲ, ಅಪ್ಪ ಅನ್ನಂಗಿಲ್ಲ. ನಾಲಿಗಿ ಟಕ್ ಟಕ್ ಅನಸ್ಕೋತ, ಹಕ್ಕಿ ಹಂಗ ಕುಂದರತೈತಿ ಕೂಸು. ಮನ್ಯಾಗ ಮಾತಾಡವ್ರು ಯಾರರ ಒಬ್ರು ಬೇಕವಾ, ನೀಲಾ. ನಾ ವಾರಕ್ಕೊಂದ್ಸಲ ಬಂದ್ರ ಏನಾದೀತು?”

‘ಹೊಸ ಪೆಟ್ಟಿಗೆ ಬರುತ್ತದೆ. ಅದು ಮಾತಾಡುತ್ತದೆ’ ಎಂದು ನೀಲಾ ಕೈಯಲ್ಲಿ ಹೇಳಿದಳು.

ಪಾರ್ವತೆವ್ವ ಗೋಡೆಯ ಮೇಲಿದ್ದ ಹಳೆಯ ಪೆಟ್ಟಿಗೆಯನ್ನು ನೋಡಿ, ಮೊಮ್ಮಗಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು.

ಬೇರೆ ಮನೆಗಳಲ್ಲಿ ಹೊಸ್ತಿಲು ಒಂದು ಅನುಕೂಲ. ಈ ಮನೆಯಲ್ಲಿ ಅದೇ ಕಿವಿ. ಹಳದಿ ದೀಪ ಬಂದರೆ ಬಾಗಿಲಲ್ಲಿ ಯಾರೋ ಇದ್ದಾರೆ, ಕೆಂಪು ಬಂದರೆ ಕೂಸು ಅಳುತ್ತಿದೆ. ದಿನ ಕಳೆದಂತೆ ಕೈಪಿಡಿಯಲ್ಲಿ ಇಲ್ಲದ ಬಣ್ಣಗಳೂ ಬರತೊಡಗಿದ್ದವು. ನೇರಳೆ ಬಂದಾಗ ಹೋಗಿ ನೋಡಿದರೆ ಮಗುವಿಗೆ ನೀರು ಬೇಕಾಗಿರುತ್ತಿತ್ತು. ತಿಳಿ ಹಸಿರು ಬಂದರೆ ಎತ್ತಿಕೊಳ್ಳಬೇಕು. ಕಂಪನಿಯವರು ಎಷ್ಟು ಜಾಣರು, ಅಳುವಿನಲ್ಲೂ ಬಗೆ ಗುರುತಿಸುವುದನ್ನು ಇದಕ್ಕೆ ಕಲಿಸಿದ್ದಾರೆ ಎಂದು ನೀಲಾ ಅಂದುಕೊಂಡಿದ್ದಳು. ಅದಕ್ಕೇ ಹೊಸದನ್ನು ಬಿಡುಗಡೆಗೆ ಮುಂಚೆ ಪರೀಕ್ಷಿಸಲು ಕೆಲವು ಮನೆಗಳು ಬೇಕು ಎಂದು ಕಂಪನಿ ಕೇಳಿದ ಕೂಡಲೇ ಹೆಸರು ಕೊಟ್ಟಳು.

ಪೆಟ್ಟಿಗೆ ತಂದವಳು ತಬಸ್ಸುಮ್ ನದಾಫ್. ಕಂಪನಿಯ ಧ್ವನಿ ವಿಭಾಗದ ಎಂಜಿನಿಯರ್. ಮಾತು ತಿಳಿಯುವ ಯಂತ್ರಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಅವಳು ಕಿವಿ ಕೇಳದವರ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಅಭ್ಯಾಸಬಲದಿಂದ “ನಮಸ್ಕಾರ್ರೀ” ಎಂದು ಜೋರಾಗಿ ಹೇಳಿ, ನಾಚಿಕೊಂಡು, ಫೋನು ತೆಗೆದು ಬರೆದು ತೋರಿಸಿದಳು. ಕಾಗದ ಪತ್ರ ಎಲ್ಲ ಸರಿಯಾಗಿ ವಿವರಿಸಿದಳು: ಮನೆಯ ಮಾತು ಹೊರಗೆ ಹೋಗುವುದಿಲ್ಲ, ಯಂತ್ರಕ್ಕೆ ಅರ್ಥವಾಗದೆ ಉಳಿದ ಸದ್ದನ್ನು ಮಾತ್ರ, ನೀವು ಒಪ್ಪಿದರೆ, ನಾವು ಕೇಳಬಹುದು. ನೀಲಾ ಒಪ್ಪಿದಳು.

ಹಳೆಯ ಪೆಟ್ಟಿಗೆ ಕೆಳಗಿಳಿಯಿತು. ಹೊಸದು ಅದೇ ಮೊಳೆಯ ಮೇಲೆ ಕೂತಿತು.

“ಮುಕ್ತಾ, ಇಲ್ಲಿ ನೋಡ ಪುಟ್ಟಿ,” ಎಂದಿತು ಅದು, ಚಿಕ್ಕಮ್ಮನೊಬ್ಬಳ ದನಿಯಲ್ಲಿ. “ನಾ ಹೊಸ್ತಿಲು. ನಾವಿಬ್ರೂ ಮಾತಾಡೂಣೇನು?”

ಮಗು ಕಣ್ಣರಳಿಸಿತು. ಎರಡು ಹೆಜ್ಜೆ ಹಿಂದೆ ಸರಿದು ಅವ್ವನ ಕಾಲು ಹಿಡಿದುಕೊಂಡಿತು. ಮತ್ತೆ ಮುಂದೆ ಬಂತು. ನೀಲಾಗೆ ಪೆಟ್ಟಿಗೆಯ ದನಿ ಕೇಳಿಸಲಿಲ್ಲ, ಆದರೆ ಮಗಳ ಮುಖ ಕಾಣಿಸಿತು. ತನಗೆ ಕೊಡಲಾಗದ ಯಾವುದೋ ಒಂದು ವಸ್ತು ಮಗಳ ಕೈ ಸೇರುತ್ತಿದೆ ಎನ್ನಿಸಿತು. ಅದು ಸಂತೋಷವೋ ಹೊಟ್ಟೆಕಿಚ್ಚೋ ಅವಳಿಗೇ ತಿಳಿಯಲಿಲ್ಲ.

ಮುಕ್ತಾ ಪೆಟ್ಟಿಗೆಯ ಕಡೆ ಮುಖ ಎತ್ತಿ ತುಟಿ ಅಲ್ಲಾಡಿಸಿತು. ತಬಸ್ಸುಮ್ ಆಗಲೇ ಬ್ಯಾಗು ಹೆಗಲಿಗೇರಿಸಿ ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಳು. “ಇನ್ನೊಮ್ಮೆ ಹೇಳ ಪುಟ್ಟಿ, ತಿಳೀಲಿಲ್ಲ,” ಎಂದು ಪೆಟ್ಟಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು. ಯಂತ್ರ ಸೌಜನ್ಯವಾಗಿ ಮಾತಾಡುತ್ತಿದೆ ಎಂದು ಸಮಾಧಾನಪಟ್ಟು ಮೆಟ್ಟಿಲಿಳಿದಳು.

ಮುಂದಿನ ಕೆಲವು ದಿನ ಮನೆ ತಣ್ಣಗಿತ್ತು. ಪೆಟ್ಟಿಗೆ ದಿನವಿಡೀ ಮಗುವಿಗೆ ಹಾಡು ಹೇಳುತ್ತಿತ್ತು, ಕತೆ ಹೇಳುತ್ತಿತ್ತು. ಕರೆಗಂಟೆಗೆ ಹಳದಿ ದೀಪ ಬರುತ್ತಿತ್ತು. ಮಗುವಿನ ಬಣ್ಣಗಳು ಬರಲಿಲ್ಲ. ಹೊಸ ಪೆಟ್ಟಿಗೆ ಮಗುವನ್ನು ತಾನೇ ಆಡಿಸುತ್ತಿರಬೇಕು, ಅದಕ್ಕೇ ಮುಕ್ತಾಗೆ ತನ್ನನ್ನು ಕರೆಯುವ ಅಗತ್ಯ ಬೀಳುತ್ತಿಲ್ಲ ಎಂದು ನೀಲಾ ತಿಳಿದಳು. ಗುರುಸಿದ್ಧ ಮಾತ್ರ ಒಂದು ಸಂಜೆ ಕೆಲಸದಿಂದ ಬಂದವನು ಮಗುವನ್ನು ಬಹಳ ಹೊತ್ತು ನೋಡಿದ.

‘ಇವಳು ಬಾಯಿ ಅಲ್ಲಾಡಿಸುವುದನ್ನು ಬಿಟ್ಟಿದ್ದಾಳೆ’ ಎಂದ ಕೈಯಲ್ಲಿ.

‘ಕೇಳಿಸಿಕೊಳ್ಳುತ್ತಿದ್ದಾಳೆ. ಮೊದಲು ಕೇಳಬೇಕು, ಆಮೇಲೆ ಮಾತು’ ಎಂದಳು ನೀಲಾ.

‘ಇರಬಹುದು’ ಎಂದ ಅವನು. ಅವನ ಕೈ ಅರ್ಧಕ್ಕೇ ನಿಂತಿತು.

ಶುಕ್ರವಾರ ಮಧ್ಯಾಹ್ನ ಗಾಳಿ ಜೋರಾಗಿತ್ತು. ನೀಲಾ ಮೇಣ ಕಾಯಿಸಿ ಒಂದು ದವಡೆಗೆ ಹಲ್ಲು ಕೂರಿಸುತ್ತಿದ್ದಳು. ತಲೆ ಎತ್ತಿದಾಗ ಮುಕ್ತಾ ಹಾಲ್‌ನಲ್ಲಿ ಇರಲಿಲ್ಲ. ಅಡಿಗೆಮನೆಯಲ್ಲಿ ಇಲ್ಲ. ಮಲಗುವ ಕೋಣೆಯಲ್ಲಿ, ಮಂಚದ ಕೆಳಗೆ, ಪರದೆಯ ಹಿಂದೆ ಇಲ್ಲ. ನೀಲಾ ಪೆಟ್ಟಿಗೆಯನ್ನು ನೋಡಿದಳು. ದೀಪ ಬೆಳ್ಳಗೆ, ಶಾಂತವಾಗಿ ಉರಿಯುತ್ತಿತ್ತು. ಅದರ ಪ್ರಕಾರ ಮನೆಯಲ್ಲಿ ಏನೂ ಆಗಿರಲಿಲ್ಲ.

ಅವಳು ಬಾಗಿಲು ತೆರೆದು ಮೆಟ್ಟಿಲಿಗೆ ಓಡಿದಳು. ಕೆಳಗಿನ ಮಹಡಿ, ಗೇಟು, ರಸ್ತೆ. ಎದುರಾದ ಪಕ್ಕದ ಮನೆಯಾಕೆಗೆ ಮೊಣಕಾಲೆತ್ತರಕ್ಕೆ ಕೈ ಹಿಡಿದು ‘ಮಗು’ ಎಂದು ತೋರಿಸಿದಳು. ಆಕೆ ಹೆದರಿ ಗಂಡನನ್ನು ಕರೆದಳು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಓಡಿದರು. ನೀಲಾ ಮತ್ತೆ ಮನೆಯೊಳಗೆ ಬಂದಳು. ಬಚ್ಚಲ ಬಾಗಿಲು ಮುಚ್ಚಿತ್ತು. ತಳ್ಳಿದರೆ ಸರಿಯಲಿಲ್ಲ. ಅಂಗೈಯನ್ನು ಬಾಗಿಲಿಗೆ ಒತ್ತಿ ಹಿಡಿದಳು. ಒಳಗಿನಿಂದ ತೀರ ಸಣ್ಣ ಪೆಟ್ಟುಗಳು ಅವಳ ಅಂಗೈಗೆ ತಾಗಿದವು.

ಗಾಳಿಗೆ ಬಾಗಿಲು ಬಡಿದುಕೊಂಡು ಒಳಗಿನ ಚಿಲಕ ಬಿದ್ದುಬಿಟ್ಟಿತ್ತು. ಪಕ್ಕದ ಮನೆಯವನು ಬಂದು ಭುಜಕೊಟ್ಟು ನೂಕಿ ಬಾಗಿಲು ತೆರೆಸಿದ. ಮುಕ್ತಾ ಒದ್ದೆ ನೆಲದ ಮೇಲೆ ಕೂತು ಪ್ಲಾಸ್ಟಿಕ್ ಮಗ್ಗಿನಿಂದ ಬಾಗಿಲು ಬಡಿಯುತ್ತಿತ್ತು. ಅಳುತ್ತಿರಲಿಲ್ಲ. ಆದರೆ ತುಟಿ ಮುಚ್ಚಿ ತೆರೆದು, ಮುಚ್ಚಿ ತೆರೆದು ಮಾಡುತ್ತಿತ್ತು. ಅವ್ವನನ್ನು ಕಂಡ ಮೇಲೂ ಸ್ವಲ್ಪ ಹೊತ್ತು ಅದು ನಿಲ್ಲಲಿಲ್ಲ.

ನೀಲಾ ಮಗುವನ್ನು ಒರೆಸಿ, ಎದೆಗೊತ್ತಿಕೊಂಡು, ಒಂದೇ ಕೈಯಲ್ಲಿ ತಬಸ್ಸುಮ್‌ಳಿಗೆ ಬರೆದಳು: ‘ಮಗು ಬಚ್ಚಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಿಮ್ಮ ಪೆಟ್ಟಿಗೆ ನನಗೆ ಹೇಳಲಿಲ್ಲ. ಯಾಕೆ?’

ಕಂಪನಿಯ ಪ್ರಯೋಗಾಲಯ ಗೋಕುಲ ರಸ್ತೆಯಲ್ಲಿತ್ತು. ತಬಸ್ಸುಮ್ ಅಲ್ಲಿ ಕೂತು, ಆ ಮಧ್ಯಾಹ್ನ ಪೆಟ್ಟಿಗೆಗೆ ಏನೇನು ಕೇಳಿಸಿತ್ತು ಎಂದು ತೆಗೆದು ನೋಡಿದಳು. ಗಾಳಿ. ಬಾಗಿಲು ಬಡಿದದ್ದು. ಆಮೇಲೆ ಒಂದೇ ಪದ ಸಾಲಾಗಿ: ಗದ್ದಲ, ಗದ್ದಲ, ಗದ್ದಲ.

ಹೊಸ ಯಂತ್ರದ ಕಿವಿಯನ್ನು ಮಾತಿಗೆಂದೇ ಹದಗೊಳಿಸಲಾಗಿತ್ತು. ಮನೆಯೆಂದರೆ ನೂರು ಸದ್ದು. ಅದರ ನಡುವೆ ಮಾತನ್ನು ಸ್ಪಷ್ಟವಾಗಿ ಹಿಡಿಯಬೇಕಾದರೆ, ಮಾತಲ್ಲದ್ದನ್ನೂ ಪರಿಚಯವಿಲ್ಲದ್ದನ್ನೂ ಬೇಗ ಬೇಗ ಬದಿಗೆ ತಳ್ಳಬೇಕು. ತಳ್ಳಿದ್ದು ಬೀಳುವ ಬುಟ್ಟಿಯ ಹೆಸರೇ ಗದ್ದಲ. ಆ ಜರಡಿಯನ್ನು ಹೆಣೆದವರಲ್ಲಿ ತಬಸ್ಸುಮ್ ಕೂಡ ಒಬ್ಬಳು. ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

ಬುಟ್ಟಿಗೆ ಬಿದ್ದ ಸದ್ದನ್ನು ಅವಳು ಕಿವಿಗೆ ಹಾಕಿಕೊಂಡಳು. ಮೊದಲು ಮಗ್ಗಿನ ಪೆಟ್ಟು. ಅದರ ಹಿಂದೆ ಮಗುವಿನದೊಂದು ದನಿ: ಮುಚ್ಚಿದ ತುಟಿಯೊಳಗೆ ಮೇಲಿನಿಂದ ಇಳಿಯುವ ಗುಂಯ್ಗುಡುವಿಕೆ, ಕೊನೆಗೆ ತುಟಿ ಬಿಚ್ಚಿ ‘ಪ್’. ಸ್ವಲ್ಪ ಬಿಡುವು. ಮತ್ತೆ ಅದೇ. ಇಳಿಜಾರು ಅಷ್ಟೇ, ಉದ್ದ ಅಷ್ಟೇ, ಕೊನೆಯ ‘ಪ್’ ಅಲ್ಲೇ. ಗದ್ದಲ ಹೀಗೆ ಇರುವುದಿಲ್ಲ. ಗದ್ದಲ ತನ್ನನ್ನು ತಾನು ಇಷ್ಟು ಸರಿಯಾಗಿ ಪುನಃ ಹೇಳುವುದಿಲ್ಲ.

ಅವಳು ಎದ್ದಳು. ಆ ಮನೆಯಿಂದ ತಂದಿದ್ದ ಹಳೆಯ ಪೆಟ್ಟಿಗೆ ಕಪಾಟಿನಲ್ಲಿತ್ತು. ಹೊರತೆಗೆದು ಅದರ ನೆನಪನ್ನು ಬಿಚ್ಚಿದಳು.

ಹೊಸ್ತಿಲು ಎರಡಕ್ಕೆ ಹಿಂದೆ ಯಾರೋ ಒಂದು ಸಣ್ಣ ನಿಯಮ ಬರೆದಿಟ್ಟಿದ್ದರು. ಪರಿಚಯವಿಲ್ಲದ ಸದ್ದೊಂದು ಮತ್ತೆ ಮತ್ತೆ ಬಂದರೆ ಅದಕ್ಕೊಂದು ಬಳಸದ ಬಣ್ಣ ಕೊಡು, ಬಣ್ಣ ನೋಡಿ ಮನೆಯವರು ಎದ್ದು ಬಂದರೆ ಆ ಸದ್ದನ್ನು ನೆನಪಿಟ್ಟುಕೋ, ಬರದಿದ್ದರೆ ಮರೆತುಬಿಡು. ಹೊಸ ಮಿಕ್ಸಿಯೋ ವಾಷಿಂಗ್ ಮೆಷಿನ್ನೋ ಮನೆಗೆ ಬಂದಾಗ ಉಪಯೋಗವಾಗಲಿ ಎಂದು ಬರೆದದ್ದು ಅದು. ಉಳಿದ ಮನೆಗಳಲ್ಲಿ ಈ ನಿಯಮ ಹೆಚ್ಚೆಂದರೆ ಒಂದೆರಡು ಬಣ್ಣ ಕಲಿತಿತ್ತು. ಈ ಮನೆಯಲ್ಲಿ ಬಣ್ಣಗಳ ಸಂತೆಯೇ ನೆರೆದಿತ್ತು. ಎಲ್ಲದರ ಹಿಂದೆಯೂ ಒಂದೇ ಗಂಟಲು. ನಾಲಿಗೆಯಿಂದ ಎರಡು ಟಕ್, ಒಂದು ಚಿಕ್ಕ ‘ಹುಂ’: ನೇರಳೆ. ಇಳಿಯುವ ಗುಂಯ್, ‘ಪ್’: ತಿಳಿ ಹಸಿರು.

ತಬಸ್ಸುಮ್ ನೀಲಾಗೆ ಬರೆದಳು: ‘ಹಳೆಯ ಪೆಟ್ಟಿಗೆಯಲ್ಲಿ ನೇರಳೆ ಬಣ್ಣ ಬಂದರೆ ನೀವು ಏನು ಮಾಡುತ್ತಿದ್ದಿರಿ?’

‘ನೀರು ಕೊಡುತ್ತಿದ್ದೆ. ಅದು ನೀರಿನ ಅಳುವಿಗೆ ಅಲ್ಲವೇ? ನೀವೇ ಇಟ್ಟಿದ್ದು.’

‘ನಾವು ಇಟ್ಟಿಲ್ಲ. ತಿಳಿ ಹಸಿರು?’

ನೀಲಾ ಬರೆದಳು: ‘ಬಾ, ಎತ್ತಿಕೋ ಅಂತ. ನೀವು ಇಡದಿದ್ದರೆ ಯಾರು ಇಟ್ಟದ್ದು?’

ಮರುದಿನ ಬೆಳಿಗ್ಗೆ ತಬಸ್ಸುಮ್ ಹಳೆಯ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೇಶ್ವಾಪುರದ ಮೆಟ್ಟಿಲು ಹತ್ತಿದಳು. ಶನಿವಾರ ಅರ್ಧ ದಿನ ರಜೆ ಹಾಕಿ ಗುರುಸಿದ್ಧನೂ ಮನೆಯಲ್ಲಿದ್ದ. ನೀಲಾಳ ಮುಖ ಗಂಟಿಕ್ಕಿಕೊಂಡಿತ್ತು. ತಬಸ್ಸುಮ್ ಏನನ್ನೂ ಬರೆದು ತೋರಿಸಲಿಲ್ಲ. ಹೊಸದನ್ನು ಇಳಿಸಿ ಹಳೆಯದನ್ನು ಗೋಡೆಗೆ ಕೂರಿಸಿ, ಪಕ್ಕಕ್ಕೆ ಸರಿದು ನಿಂತಳು.

ಮೂಲೆಯಲ್ಲಿ ಕೂತಿದ್ದ ಮುಕ್ತಾ ತಲೆ ಎತ್ತಿತು. ಪೆಟ್ಟಿಗೆಯನ್ನು ನೋಡಿತು. ಎದ್ದು ತಡವರಿಸುತ್ತ ಹತ್ತಿರ ಬಂದು, ನಾಲಿಗೆಯನ್ನು ಮೆಲ್ಲಗೆ ಎರಡು ಸಲ ಟಕ್ಕೆನ್ನಿಸಿ, ‘ಹುಂ’ ಎಂದಿತು. ದೀಪ ನೇರಳೆಯಾಯಿತು.

ಮಗು ಕೇಕೆ ಹಾಕಿ ನಕ್ಕಿತು. ಆಮೇಲೆ ಅದಕ್ಕೆ ಬಿಡುವಿಲ್ಲ. ಟಕ್ಕು, ಗುಂಯ್ಗುಡುವುದು, ಉಸಿರೆಳೆಯುವುದು, ತುಟಿ ಸಿಡಿಸುವುದು. ಕಟ್ಟಿಟ್ಟಿದ್ದನ್ನೆಲ್ಲ ಒಮ್ಮೆಗೇ ಸುರಿಯಿತು. ಗೋಡೆಗಳ ಮೇಲೆ ನೇರಳೆ, ಹಸಿರು, ಕಿತ್ತಳೆ, ಗುಲಾಬಿ ಓಡಾಡಿದವು. ಗುರುಸಿದ್ಧ ಬಣ್ಣದ ಕೆಲಸದ ಮನುಷ್ಯ. ಒಂದೊಂದು ಬಣ್ಣಕ್ಕೂ ಮಗಳ ತುಟಿ ಬೇರೆಬೇರೆಯಾಗಿ ಅಲ್ಲಾಡುವುದನ್ನು ಅವನೇ ಮೊದಲು ಗಮನಿಸಿ ಹೆಂಡತಿಯ ತೋಳು ತಟ್ಟಿದ.

ಆಗ ತಬಸ್ಸುಮ್ ಫೋನಿನಲ್ಲಿ ಬರೆದು ಹಿಡಿದಳು: ‘ನಿಮ್ಮ ಮಗಳು ತಡವಾಗಿ ಮಾತು ಕಲಿಯುತ್ತಿಲ್ಲ. ಬಹಳ ಹಿಂದೆಯೇ ಮಾತಾಡಲು ಶುರು ಮಾಡಿದ್ದಾಳೆ. ತಾನೇ ಮಾಡಿಕೊಂಡ ಮಾತು. ಬಾಯಿಂದ ಯಾವ ಸದ್ದು ಮಾಡಿದರೆ ಯಾವ ಬಣ್ಣ ಬರುತ್ತದೆ, ಯಾವ ಬಣ್ಣಕ್ಕೆ ಅವ್ವ ಏನು ತರುತ್ತಾಳೆ ಎಂದು ಕಂಡುಕೊಂಡಿದ್ದಾಳೆ. ನೀವು ಕೇಳಿಸಿಕೊಳ್ಳದೆಯೇ ಅವಳ ಮಾತಿಗೆ ಉತ್ತರ ಕೊಡುತ್ತ ಬಂದಿದ್ದೀರಿ. ಹೊಸ ಪೆಟ್ಟಿಗೆ ಅದನ್ನು ಗದ್ದಲ ಎಂದಿತು. ನಿನ್ನೆ ಅವಳು ಅಳಲಿಲ್ಲ, ಯಾಕೆಂದರೆ ಅಳುವುದಕ್ಕಿಂತ ಒಳ್ಳೆಯ ದಾರಿ ಅವಳಿಗೆ ಗೊತ್ತಿತ್ತು. ‘ಬಾ’ ಎಂದು ಕರೆಯುತ್ತಲೇ ಇದ್ದಳು.’

ನೀಲಾ ಎರಡು ಸಲ ಓದಿದಳು. ಫೋನನ್ನು ಗಂಡನ ಕೈಗೆ ಕೊಟ್ಟು ನೆಲದ ಮೇಲೆ ಕೂತಳು. ಮಗಳನ್ನು ಬಳಿಗೆಳೆದು, ಅವಳ ಗಂಟಲ ಮೇಲೆ ಎರಡು ಬೆರಳಿಟ್ಟಳು. ಮುಕ್ತಾ ಗುಂಯ್ಗುಟ್ಟಿತು. ಸಣ್ಣ ಹಕ್ಕಿಯೊಂದು ಒಳಗೆ ಒದ್ದಾಡಿದಂತೆ ಬೆರಳಿಗೆ ತಾಗಿತು.

ತಬಸ್ಸುಮ್ ತನ್ನ ಮೇಲಧಿಕಾರಿ ವಾದಿರಾಜ ಕಟ್ಟಿಯವರ ಕೋಣೆಗೆ ಸೋಮವಾರ ಬೆಳಿಗ್ಗೆಯೇ ಹೋದಳು. ಕಟ್ಟಿ ಕೆಟ್ಟ ಮನುಷ್ಯರಲ್ಲ. ಆದರೆ ಬಿಡುಗಡೆಯ ದಿನ ಆಗಲೇ ಊರಿಗೆಲ್ಲ ಗೊತ್ತಾಗಿತ್ತು. ಅಂಗಡಿಗಳಿಗೆ ಪೆಟ್ಟಿಗೆಗಳು ಹೊರಡುವುದರಲ್ಲಿದ್ದವು.

“ಭಾಳ ಚೊಲೋ ಹುಡುಕೀರಿ, ನದಾಫ್. ಖರೇನ ಆಶ್ಚರ್ಯದ ಸಂಗತಿ,” ಎಂದರು ಎಲ್ಲ ಕೇಳಿ. “ಆ ಮನೀಗೆ ಹಳೇದನ್ನ ಬಿಟ್ಟಬಿಡೋಣ. ಆದ್ರ ಒಂದ ಮನೀ ಸಲುವಾಗಿ ಇಡೀ ಊರಿಗೆ ಕಾಯ್ರಿ ಅನ್ನಲಿಕ್ಕೆ ಆಗ್ತದೇನು?”

“ಒಂದ ಮನೀ ಅಂತ ನಮಗ ಹೆಂಗ ಗೊತ್ರೀ ಸರ್? ಉಳಿದ ಮನಿಗೋಳ ಗದ್ದಲದ ಬುಟ್ಟಿ ನಾವು ತಗದ ನೋಡೇ ಇಲ್ಲ.”

ಕಟ್ಟಿ ಪೆನ್ನು ಮುಚ್ಚಿ ಬದಿಗಿಟ್ಟರು. “ತಗೀರಿ,” ಎಂದರು.

ಪರೀಕ್ಷೆಗೆ ಒಪ್ಪಿದ್ದ ಮನೆಗಳ ಬುಟ್ಟಿಗಳನ್ನು ಇಬ್ಬರೂ ಒಂದೊಂದಾಗಿ ಕೇಳುತ್ತ ಹೋದರು. ಹೆಚ್ಚಿನವು ನಿಜವಾಗಿಯೂ ಗದ್ದಲವೇ: ಪಾತ್ರೆ, ಬೋರ್‌ವೆಲ್, ಮದುವೆ ಮೆರವಣಿಗೆಯ ಬ್ಯಾಂಡು. ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಮೊಮ್ಮಗನಿಗೆ ಲಂಬಾಣಿಯಲ್ಲಿ ಏನೋ ಕತೆ ಹೇಳುತ್ತಿದ್ದಳು. ಇಡೀ ಕತೆಯನ್ನು ಯಂತ್ರ ಗದ್ದಲದ ಬುಟ್ಟಿಗೆ ಹಾಕಿತ್ತು. ಅಲ್ಲಿಗೆ ತಬಸ್ಸುಮ್ ಯಂತ್ರವನ್ನು ನಿಲ್ಲಿಸಿದಳು. ಕಟ್ಟಿ ಆ ಮನೆಯ ಹೆಸರಿನ ಮುಂದೆ ಗುರುತು ಹಾಕಿಕೊಂಡರು. ಮುಂದಿನದನ್ನು ಹಾಕುವಂತೆ ಸನ್ನೆ ಮಾಡಿದರು.

ಅದು ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡಿದ್ದ ಬಸ್ ಕಂಡಕ್ಟರನೊಬ್ಬನ ಮನೆ. ಅವನಿಗೆ ಉಳಿದಿದ್ದು ಒಂದೇ ಅಕ್ಷರ: ‘ದೋ’. ಎದ್ದರೆ ‘ದೋ’, ಊಟಕ್ಕೆ ‘ದೋ’, ಸಿಟ್ಟಿಗೆ ‘ದೋ’. ಹೆಂಡತಿ ಒಂದೊಂದಕ್ಕೂ ತಕ್ಕ ಉತ್ತರ ಕೊಡುತ್ತಾಳೆಂದು ಪರೀಕ್ಷೆಯ ಅರ್ಜಿಯಲ್ಲೇ ಬರೆದಿತ್ತು. ಯಂತ್ರಕ್ಕೆ ಅವಳ ಮಾತು ಮಾತ್ರ ಮಾತು, ಅವನದು ಗದ್ದಲ. ಒಂದು ಕಡೆ ‘ದೋ’ಗಳು ಸಾಲಾಗಿ, ಏರಿಳಿದು ಬಂದವು.

ಕಟ್ಟಿ ಕಣ್ಣು ಕಿರಿದು ಮಾಡಿ ಅದನ್ನೇ ಮೂರು ಸಲ ಹಾಕಿಸಿಕೊಂಡರು. “ನದಾಫ್, ಈ ಮನುಷ್ಯಾ ಹಾಡ್ಲಿಕ್ಕತ್ತಾನ,” ಎಂದರು. “ಅಕ್ಷರ ಒಂದ ಅದ, ರಾಗ ಪೂರಾ ಅದ. ಕೇಳ್ರಿ ಇಲ್ಲೆ.”

ಇಬ್ಬರೂ ಹಾಡು ಮುಗಿಯುವವರೆಗೂ ಕೇಳಿದರು. ಮಧ್ಯಾಹ್ನದ ಊಟ ಇಬ್ಬರಿಗೂ ಮರೆತುಹೋಗಿತ್ತು.

ಅವತ್ತಿನ ಸಂಜೆ ಕಂಪನಿ ಪ್ರಕಟಣೆ ಹೊರಡಿಸಿತು: ಹೊಸ್ತಿಲು ಮೂರು ಹೇಳಿದ ದಿನಕ್ಕೆ ಬರುವುದಿಲ್ಲ, ಕೆಲವು ತಿಂಗಳು ತಡವಾಗುತ್ತದೆ. ಕಾರಣವನ್ನು ‘ಆಲಿಸುವ ಕ್ರಮದಲ್ಲಿ ಸುಧಾರಣೆ’ ಎಂದು ಬರೆದಿದ್ದರು. ಕಾಯುವವರ ಗುಂಪು ಹೊತ್ತಿಕೊಂಡಿತು. ಮಾತು ತಪ್ಪುವ ಕಂಪನಿ ಎಂದರು. ಕೆಲವರು ಬುಕಿಂಗ್ ರದ್ದು ಮಾಡಿದರು. ಹಳೆಯ ಪೆಟ್ಟಿಗೆಯನ್ನು ಆಗಲೇ ನೆಂಟರಿಗೆ ಕೊಟ್ಟುಬಿಟ್ಟಿದ್ದ ಒಬ್ಬಾತ ದಿನಕ್ಕೆ ನಾಲ್ಕು ಸಲ ಬೈಯುತ್ತಿದ್ದ.

ಮೂರನೇ ದಿನ ನೀಲಾ ಆ ಗುಂಪಿನಲ್ಲಿ ಬರೆದಳು. ಬರೆಯುವ ಮುಂಚೆ ಗಂಡನಿಗೆ ತೋರಿಸಿದಳು. ಅವನು ಒಂದು ಸಾಲು ಅಳಿಸಿ, ಮತ್ತೆ ಅದನ್ನೇ ಸೇರಿಸಿ ಕೊಟ್ಟ.

‘ನಾನು ಕಿವಿ ಕೇಳದವಳು. ನನ್ನ ಮಗಳ ಜತೆ ಮಾತಾಡಲಿ ಎಂದು ನಾನೂ ಹೊಸ ಪೆಟ್ಟಿಗೆಗೆ ಕಾಯುತ್ತಿದ್ದೇನೆ. ಪರೀಕ್ಷೆಗೆಂದು ಅದು ನಮ್ಮ ಮನೆಗೆ ಬಂದಿತ್ತು. ನನ್ನ ಮಗಳು ಅದರ ಜತೆ ತನ್ನದೇ ಮಾತಿನಲ್ಲಿ ಮಾತಾಡಿದಳು. ಅದು ಗದ್ದಲ ಎಂದಿತು. ಅವಳು ಮಾತು ನಿಲ್ಲಿಸಿದಳು. ನನಗೆ ಅದು ಗೊತ್ತೇ ಆಗಲಿಲ್ಲ. ಪೆಟ್ಟಿಗೆ ಬರಲಿ. ಆದರೆ ಮೊದಲು ಕೇಳುವುದನ್ನು ಕಲಿತುಕೊಂಡು ಬರಲಿ. ಅಷ್ಟು ದಿನ ನಾನು ಕಾಯುತ್ತೇನೆ.’

ಮೊದಲು ಬರೆದವರು ಹೆಡ್‌ಮಾಸ್ತರರು: ‘ನನ್ನ ಚೆಸ್ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಆ ಕೂಸಿನ ಮಾತು ಹೇಗಿರುತ್ತದೆ, ಸ್ವಲ್ಪ ವಿವರಿಸುತ್ತೀರಾ?’ ಆಮೇಲೆ ಪ್ರಶ್ನೆಗಳ ಮಳೆ. ‘ಬೇಡ’ ಎನ್ನಲು ಏನು ಹೇಳುತ್ತಾಳೆ? ಎರಡು ಮಾತು ಕೂಡಿಸುತ್ತಾಳೆಯೇ? ನಮ್ಮ ಮನೆಯ ಕೂಸೂ ನಾಯಿಯ ಜತೆ ಬೇರೆಯೇ ದನಿ ಮಾಡುತ್ತದೆ, ಅದೂ ಹೀಗೆಯೇ ಇರಬಹುದೇ? ಬೈಯುತ್ತಿದ್ದಾತ ಕೂಡ, ತನ್ನ ತಾಯಿಗೆ ಹಲ್ಲಿಲ್ಲದೆ ಮಾತು ತೊದಲುತ್ತದೆ, ಪೆಟ್ಟಿಗೆಗೆ ಅದು ಅರ್ಥವಾಗುವಂತೆ ಮಾಡುತ್ತೀರಾ ಎಂದು ಕಂಪನಿಯನ್ನು ಕೇಳಿದ.

ಹೊಸ್ತಿಲು ಮೂರು ದೀಪಾವಳಿಯ ಹೊತ್ತಿಗೆ ಬಂತು. ಅದು ಹೊಸ ಮನೆಗೆ ಹೋದ ಕೂಡಲೇ ಬಾಯಿ ತೆರೆಯುತ್ತಿರಲಿಲ್ಲ. ಮೊದಲು ಒಂದಷ್ಟು ದಿನ ಸುಮ್ಮನೆ ಕಿವಿಗೊಟ್ಟು ಕೂತಿರುತ್ತಿತ್ತು. ಮತ್ತೆ ಮತ್ತೆ ಬರುವ ಯಾವ ದನಿಯನ್ನೂ ಮನೆಯವರನ್ನು ಕೇಳದೆ ಬುಟ್ಟಿಗೆ ಹಾಕುತ್ತಿರಲಿಲ್ಲ. ನೀಲಾಳ ಮನೆಯಲ್ಲಿ ಅದು ಬಣ್ಣವನ್ನೂ ಉಳಿಸಿಕೊಂಡು, ಮುಕ್ತಾಳ ಮಾತಿನ ಪಕ್ಕದಲ್ಲೇ ಕನ್ನಡದ ಮಾತನ್ನಿಟ್ಟು ಹೇಳಿಕೊಟ್ಟಿತು. ಪಾರ್ವತೆವ್ವ ಬಯಸಿದಂತೆ ಆ ಮಗು ಮುಂದೆ ಕನ್ನಡವನ್ನು ಬಾಯ್ತುಂಬ ಮಾತಾಡಿತು.

ಆದರೆ ಪೆಟ್ಟಿಗೆ ಬರುವ ಮುನ್ನ, ಕಾಯುವ ಆ ತಿಂಗಳುಗಳಲ್ಲಿ, ಆ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯಿತು.

ತಬಸ್ಸುಮ್ ಆಗ ವಾರಕ್ಕೊಮ್ಮೆ ಬರುತ್ತಿದ್ದಳು. ಮೊದಮೊದಲು ಕೆಲಸಕ್ಕೆಂದು, ಆಮೇಲೆ ಸುಮ್ಮನೆ. ಕೈಮಾತು ಸ್ವಲ್ಪ ಸ್ವಲ್ಪ ಕಲಿತಿದ್ದಳು; ತಪ್ಪು ಮಾಡಿದಾಗ ಗುರುಸಿದ್ಧ ಹೊಟ್ಟೆ ಹಿಡಿದು ನಗುತ್ತಿದ್ದ. ಒಂದು ದಿನ ನೀಲಾ ಅವಳ ಎದುರು ಕೂತು ಕೇಳಿದಳು: ‘ಅವಳ ಮಾತನ್ನು ನಾನು ಆಡಬಹುದೇ?’

‘ಬಾಯಿಂದಲೇ?’

ನೀಲಾ ಹೌದೆಂದು ತಲೆಯಾಡಿಸಿದಳು. ಆಮೇಲೆ ಫೋನು ತೆಗೆದುಕೊಂಡು ಬರೆದಳು, ಕೈಮಾತಿನಲ್ಲಿ ಹೇಳಿದರೆ ತಬಸ್ಸುಮ್‌ಗೆ ಪೂರ್ತಿ ತಿಳಿಯಲಿಕ್ಕಿಲ್ಲ ಎಂದು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಅವಳಿಗೆ ಬಾಯಿಮಾತು ಕಲಿಸಿದ್ದರು. ಟೀಚರ ಗಂಟಲ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕಲಿತಿದ್ದಳು. ಸೋದರಮಾವನ ಮದುವೆಯಲ್ಲಿ ಬಾಯಿಬಿಟ್ಟು ಏನೋ ಕೇಳಿದಾಗ ಪಂಕ್ತಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಮಕ್ಕಳು ಅವಳ ದನಿಯನ್ನು ಅಣಕಿಸಿ ನಕ್ಕವು. ಆವತ್ತಿನಿಂದ ಅವಳು ಬಾಯಿ ಮುಚ್ಚಿದ್ದಳು. ನಿದ್ದೆಯಲ್ಲಿ ಬಿಟ್ಟರೆ ಇಷ್ಟು ವರ್ಷ ಅವಳ ಗಂಟಲಿನಿಂದ ದನಿ ಹೊರಟಿರಲಿಲ್ಲ.

ತಬಸ್ಸುಮ್ ಓದಿ ಫೋನು ಬದಿಗಿಟ್ಟಳು. ನೀಲಾಳ ಕೈ ಹಿಡಿದು ತನ್ನ ಗಂಟಲ ಮೇಲಿಟ್ಟುಕೊಂಡು, ತುಟಿ ಮುಚ್ಚಿ, ಮೇಲಿನಿಂದ ಕೆಳಗೆ ಗುಂಯ್ಗುಟ್ಟಿ, ‘ಪ್’ ಎಂದು ತುಟಿ ಬಿಚ್ಚಿದಳು.

ಕಲಿಯುವುದು ಸುಲಭವಾಗಲಿಲ್ಲ. ದನಿ ಇಳಿಯಬೇಕಾದಲ್ಲಿ ಏರುತ್ತಿತ್ತು. ಹಳೆಯ ಪೆಟ್ಟಿಗೆ ಬೆಳ್ಳಗೆ ಉರಿಯುತ್ತ ಸುಮ್ಮನಿರುತ್ತಿತ್ತು; ಅದಕ್ಕೆ ಗುರುತು ಸಿಗುತ್ತಿರಲಿಲ್ಲ. ಒಂದು ಕೈ ತನ್ನ ಗಂಟಲ ಮೇಲೆ, ಇನ್ನೊಂದು ಮಗಳ ಗಂಟಲ ಮೇಲಿಟ್ಟು ನೀಲಾ ಪ್ರಯತ್ನಿಸುತ್ತಿದ್ದಳು. ಮುಕ್ತಾಗೆ ಅದೊಂದು ಆಟ. ಅವ್ವನ ಬಾಯಿಂದ ದನಿ ಬರುತ್ತದೆ ಎಂಬುದೇ ಅದಕ್ಕೆ ಹೊಸದು. ಅವ್ವನ ತುಟಿಯನ್ನು ಬೆರಳಿನಿಂದ ಹಿಡಿದು, ಮುಚ್ಚಿ, ಬಿಚ್ಚಿ ನೋಡುತ್ತಿತ್ತು.

ಆಷಾಢದ ಒಂದು ಮಧ್ಯಾಹ್ನ ನೀಲಾ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಕೈಗೆ ಹಿಟ್ಟು. ಮುಕ್ತಾ ಹಾಲ್‌ನಲ್ಲಿ ಬಕೀಟಿನ ಜತೆ ಆಡುತ್ತಿತ್ತು. ಅವಳನ್ನು ಊಟಕ್ಕೆ ಕರೆಯಬೇಕೆಂದರೆ ನೀಲಾ ಯಾವಾಗಲೂ ಕೈ ತೊಳೆದು, ಹಾಲ್‌ಗೆ ಹೋಗಿ, ಮಗು ತನ್ನತ್ತ ನೋಡುವಂತೆ ಭುಜ ಮುಟ್ಟಿ, ಆಮೇಲೆ ಕೈಯಲ್ಲಿ ಹೇಳಬೇಕಿತ್ತು. ಗಂಡನನ್ನು ಕರೆಯುವುದಾದರೂ ಅಷ್ಟೇ. ಮಗುವಿನ ಬಣ್ಣಗಳನ್ನು ಬಿಟ್ಟರೆ ಆ ಮನೆಯಲ್ಲಿ ಒಬ್ಬರ ಕಣ್ಣಿಗೆ ಬೀಳದೆ ಇನ್ನೊಬ್ಬರು ಅವರನ್ನು ಕರೆದದ್ದೇ ಇಲ್ಲ.

ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ನಿಂತಿದ್ದಳು. ರೊಟ್ಟಿಯನ್ನು ಹಂಚಿಗೆ ಹಾಕಿದಳು. ತುಟಿ ಮುಚ್ಚಿದಳು. ಎದೆಯಲ್ಲಿ ಶುರುವಾದ ನಡುಕವನ್ನು ಮೇಲಿನಿಂದ ಕೆಳಗೆ ಇಳಿಸಿ, ತುಟಿ ಬಿಚ್ಚಿ, ಹಿಟ್ಟಿನ ಕೈಗಳನ್ನು ಗಾಳಿಯಲ್ಲೇ ಹಿಡಿದು ಕಾದಳು. ದೀಪ ಬೆಳ್ಳಗೇ ಇತ್ತು, ಅದು ಅವಳ ದನಿಗೆ ಎಂದೂ ಬಣ್ಣ ಬದಲಿಸಿದ್ದಿಲ್ಲ; ಸರಿಯಾಗಿ ಬಂತೋ ಇಲ್ಲವೋ ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಹಂಚಿನ ಮೇಲೆ ರೊಟ್ಟಿ ಉಬ್ಬಿತು.

ಮೊಣಕಾಲಿಗೆ ಎರಡು ಪುಟ್ಟ ಕೈಗಳು ಬಂದು ತಾಕಿದವು.